ಮರದ ಮೇಲಿನ ಕಲ್ಲುಹೂವು

ಕೆನಡಾದಲ್ಲಿರುವ ಓದುಗರು ಒಮ್ಮೆ ಪರ್ಸು ತೆರೆದು ಇಪ್ಪತ್ತೈದು ಸೆಂಟಿನ ನಾಣ್ಯವೊಂದನ್ನು ಹುಡುಕಿ ನೋಡಿ. ಒಂದು ಬದಿಗೆ ರಾಣಿಯೋ ರಾಜನೋ ಇರುತ್ತಾರೆ. ಇನ್ನೊಂದು ಬದಿಗೆ ಕೊಂಬು ಹೊತ್ತ ಪ್ರಾಣಿಯೊಂದರ ಮುಖ. ಅದನ್ನು ಎಲ್ಕ್ ಎನ್ನುವವರಿದ್ದಾರೆ, ಮೂಸ್ ಎನ್ನುವವರಿದ್ದಾರೆ. ಅದು ಕ್ಯಾರಿಬೂ. ಆಗಾಗ ಬರುವ ವಿಶೇಷ ನಾಣ್ಯಗಳನ್ನು ಬಿಟ್ಟರೆ 1937ರಿಂದ ಈ ನಾಣ್ಯದ ಮೇಲೆ ಅದರದೇ ರಾಜ್ಯ.

ಕ್ಯಾರಿಬೂ ಜಿಂಕೆಯ ಕುಟುಂಬಕ್ಕೆ ಸೇರಿದ್ದು. ಕ್ರಿಸ್‌ಮಸ್ ಕಾರ್ಡಿನಲ್ಲಿ ಸಾಂಟಾನ ಗಾಡಿ ಎಳೆಯುವ ರೇನ್‌ಡೀರ್ ಮತ್ತು ಇದು ಒಂದೇ ಜಾತಿ. ಜಿಂಕೆಯ ಕುಟುಂಬದಲ್ಲಿ ಹೆಣ್ಣಿಗೂ ಕೊಂಬು ಬರುವುದು ಇದೊಂದಕ್ಕೇ. ಪೂರ್ವ ಕೆನಡಾದ ಮಿಕ್ಮಾ ಜನರ ಭಾಷೆಯಿಂದ ಬಂದ ಈ ಹೆಸರಿಗೆ ಹಿಮವನ್ನು ಕೆದಕುವವನು ಎಂದರ್ಥ. ಉತ್ತರದ ಬಯಲಿನಲ್ಲಿ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ನಡೆದುಹೋಗುವ ಹಿಂಡುಗಳನ್ನು ಟಿವಿಯಲ್ಲಿ ನೀವೂ ನೋಡಿರಬಹುದು. ನಾನು ಇಲ್ಲಿ ಹೇಳಹೊರಟಿರುವುದು ಅವುಗಳ ಮಾತಲ್ಲ. ನಮ್ಮ ಬ್ರಿಟಿಷ್ ಕೊಲಂಬಿಯಾದ ಬೆಟ್ಟಗಳಲ್ಲಿ ಹತ್ತು, ಇಪ್ಪತ್ತು, ಐವತ್ತರ ಸಣ್ಣ ಹಿಂಡುಗಳಾಗಿ ಉಳಿದುಕೊಂಡಿರುವ ಬೆಟ್ಟದ ಕ್ಯಾರಿಬೂಗಳ ಮಾತು. ದಕ್ಷಿಣದ ಈ ಬೆಟ್ಟದ ಹಿಂಡುಗಳನ್ನು ಕೆನಡಾದ ವಿಜ್ಞಾನಿಗಳ ಸಮಿತಿ 2014ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿತು.

ಇದನ್ನೆಲ್ಲ ಒಂದು ಕುಟುಂಬದ ಪತ್ರಿಕೆಯಲ್ಲಿ ಯಾಕೆ ಬರೆಯುತ್ತಿದ್ದೀರಿ ಎಂದು ನೀವು ಕೇಳಬಹುದು. ಕಾರಣವಿದೆ. ನಾವಿರುವುದು ಪ್ರಿನ್ಸ್ ಜಾರ್ಜ್ ಎಂಬ ಊರಿನಲ್ಲಿ. ವ್ಯಾಂಕೂವರಿನಿಂದ ಉತ್ತರಕ್ಕೆ ಕಾರಿನಲ್ಲಿ ಹೆಚ್ಚುಕಡಿಮೆ ಒಂದು ಇಡೀ ದಿನದ ದಾರಿ. ಮರವೇ ಈ ಊರಿನ ಬದುಕು. ನಮ್ಮವರು ಇಲ್ಲಿನ ಒಂದು ಸಾಮಿಲ್‌ನಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಳ್ಳುತ್ತಾರೆ. ನಮ್ಮ ಮನೆಯ ಸಾಲ, ಮಕ್ಕಳ ಈಜಿನ ಕ್ಲಾಸು, ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗುವ ಟಿಕೆಟ್ಟು ಎಲ್ಲವೂ ಆ ಗರಗಸದ ಬಾಯಿಯಿಂದಲೇ ಬಂದದ್ದು. ಹೀಗಿರುವಾಗ ಒಂಬತ್ತು ವರ್ಷದ ಮಗಳು ಊಟದ ಹೊತ್ತಿನಲ್ಲಿ ಕೇಳಿದ ಒಂದು ಪ್ರಶ್ನೆ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಆ ಪ್ರಶ್ನೆಗೆ ಬರುವ ಮೊದಲು ಅದು ಹುಟ್ಟಿದ ಜಾಗದ ಬಗ್ಗೆ ಸ್ವಲ್ಪ ಹೇಳುತ್ತೇನೆ.

ಹೋದ ಬೇಸಿಗೆಯಲ್ಲಿ ನಮ್ಮತ್ತೆ ತೀರ್ಥಹಳ್ಳಿಯಿಂದ ಬಂದು ನಾಲ್ಕು ತಿಂಗಳು ನಮ್ಮೊಂದಿಗಿದ್ದರು. ಅವರಿಗೆ ಮಾಲು, ಸಿನಿಮಾ ಯಾವುದೂ ಬೇಡ. "ಕಾಡು ಇದ್ರೆ ತೋರ್ಸಿ" ಎಂದರು. ಊರಿನಿಂದ ಪೂರ್ವಕ್ಕೆ ಸುಮಾರು 115 ಕಿಲೋಮೀಟರ್ ಹೋದರೆ ಹದಿನಾರನೇ ಹೆದ್ದಾರಿಯ ಪಕ್ಕದಲ್ಲೇ ಚುನ್ ಟೋ ವುಡುಜುಟ್ ಎಂಬ ಪಾರ್ಕು ಇದೆ. ಜನ ಅದನ್ನು ಏನ್ಷಿಯಂಟ್ ಫಾರೆಸ್ಟ್ ಎಂದೇ ಕರೆಯುತ್ತಾರೆ. ಇಲ್ಲಿನ ಮೂಲನಿವಾಸಿಗಳಾದ ಲೇಡ್ಲಿ ಟೆನ್ನೆ ಜನರ ಮಾತಿನಲ್ಲಿ ಆ ಹೆಸರಿಗೆ ಅತಿ ಹಳೆಯ ಮರಗಳು ಎಂದರ್ಥ. ಸಮುದ್ರದಿಂದ ನೂರಾರು ಕಿಲೋಮೀಟರ್ ಒಳಗಿದ್ದರೂ ಇದು ಮಳೆಕಾಡು. ಸಾವಿರ ವರ್ಷ ದಾಟಿದ ಸೀಡರ್ ಮರಗಳು ಅಲ್ಲಿವೆ. ಸ್ವಯಂಸೇವಕರು ಸೇರಿ ಹಾಕಿದ ಹಲಗೆಯ ದಾರಿ ಇರುವುದರಿಂದ ಮಂಡಿ ನೋವಿರುವ ಅತ್ತೆಯೂ ಆರಾಮಾಗಿ ನಡೆದರು. 2016ರಲ್ಲಿ ಅದು ಪ್ರಾಂತ್ಯದ ಪಾರ್ಕ್ ಆಯಿತು. ನಮ್ಮ ಮಗಳು ಹುಟ್ಟಿದ್ದೂ ಅದೇ ವರ್ಷ. ಹಾಗಾಗಿ ಅವಳು ಅದನ್ನು ತನ್ನದೇ ಪಾರ್ಕು ಎಂದುಕೊಂಡಿದ್ದಾಳೆ.

ಅತ್ತೆ ಮರಗಳ ಗಾತ್ರ ನೋಡಿ ಬೆರಗಾಗಲಿಲ್ಲ. ಮಲೆನಾಡಿನವರು, ದೊಡ್ಡ ಮರ ಕಂಡವರು. ಅವರು ನಿಂತದ್ದು ಒಂದು ಕೊಂಬೆಯಿಂದ ಜೋತುಬಿದ್ದಿದ್ದ ತಿಳಿಹಸಿರು ನಾರಿನಂಥ ವಸ್ತುವಿನ ಮುಂದೆ. ಮುದುಕರ ಗಡ್ಡದ ಹಾಗೆ ಅದು ಇಳಿಬಿದ್ದಿತ್ತು. ಪಕ್ಕದ ತೊಗಟೆಯ ಮೇಲೆ ಬೂದು ಬಣ್ಣದ, ಅಂಚು ಮುದುಡಿದ ಇನ್ನೊಂದು. ಅತ್ತೆ ಕನ್ನಡಕ ಸರಿಮಾಡಿಕೊಂಡು ಹತ್ತಿರ ಹೋಗಿ, "ಇದು ಕಲ್ಲುಹೂವಲ್ವೇನೇ?" ಎಂದರು.

ಬಿಸಿಬೇಳೆಬಾತಿನ ಪುಡಿಗೂ ಬಿರಿಯಾನಿಯ ಮಸಾಲೆಗೂ ನಾವು ಹಾಕುವ ಕಲ್ಲುಹೂವು ನಿಮ್ಮ ಡಬ್ಬಿಯಲ್ಲೂ ಇರುತ್ತದೆ. ಕರಿ-ಬಿಳಿ ಬಣ್ಣದ, ಒಣಗಿದ ಎಲೆಚೂರಿನಂಥದ್ದು. ಅದು ಹೂವಲ್ಲ, ಕಲ್ಲಿನದೇ ಎಂದೂ ಅಲ್ಲ, ಮರದ ತೊಗಟೆಯ ಮೇಲೂ ಬೆಳೆಯುತ್ತದೆ. ಅದೊಂದು ಲೈಕೆನ್. ಶಾಲೆಯಲ್ಲಿ ನಾವು ಕಲ್ಲುಹೂವು ಎಂದು ಓದಿದ್ದೂ ಇದನ್ನೇ. ಒಂದು ಶಿಲೀಂಧ್ರ, ಒಂದು ಪಾಚಿ ಎರಡೂ ಸೇರಿ ಮಾಡಿದ ಸಂಸಾರ. ಪಾಚಿ ಬಿಸಿಲಿನಿಂದ ಅಡುಗೆ ಮಾಡುತ್ತದೆ, ಶಿಲೀಂಧ್ರ ಮನೆ ಕಟ್ಟಿ ನೀರು ಹಿಡಿದಿಡುತ್ತದೆ. ಬೇರಿಲ್ಲ, ಕಾಂಡವಿಲ್ಲ, ಎಲೆಯಿಲ್ಲ. ಗಾಳಿಯಿಂದಲೂ ಮಳೆಯಿಂದಲೂ ಸಿಕ್ಕಿದಷ್ಟರಲ್ಲಿ ಬದುಕುತ್ತದೆ. ಆದ್ದರಿಂದಲೇ ಬೆಳವಣಿಗೆ ಬಹಳ ನಿಧಾನ.

ಬೆಟ್ಟದ ಕ್ಯಾರಿಬೂವಿನ ಚಳಿಗಾಲದ ಊಟ ಇದೇ. ನಮ್ಮ ಡಬ್ಬಿಯಲ್ಲಿರುವ ಜಾತಿಯಲ್ಲ, ಅದರ ದೂರದ ನೆಂಟರು. ಮರದಿಂದ ಕೂದಲಿನ ಹಾಗೆ ಜೋತುಬೀಳುವ ಕಪ್ಪು-ಕಂದು ಲೈಕೆನ್ ಮತ್ತು ತಿಳಿಹಸಿರು ಲೈಕೆನ್. ಅಜ್ಜಿಯ ಮಾತು ಕೇಳಿದ ಮಗಳು, "ಅಂದ್ರೆ ಕ್ಯಾರಿಬೂ ದಿನಾ ಬಿಸಿಬೇಳೆಬಾತ್ ತಿನ್ನತ್ತಾ?" ಎಂದು ನಕ್ಕಳು. ಅಂದಿನಿಂದ ನಮ್ಮನೆಯಲ್ಲಿ ಲೈಕೆನ್‌ಗೆ ಕಲ್ಲುಹೂವು ಎಂದೇ ಹೆಸರು. ನಾನೂ ಮುಂದೆ ಅದನ್ನೇ ಬಳಸುತ್ತೇನೆ.

ಆ ಹಲಗೆಯ ದಾರಿಯಲ್ಲಿ ಕ್ಯಾರಿಬೂ ಕಾಣುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಹನ್ನೊಂದು ವರ್ಷದಿಂದ ಇಲ್ಲಿದ್ದೇವೆ, ಬೆಟ್ಟದ ಕ್ಯಾರಿಬೂವನ್ನು ನಾವು ಒಮ್ಮೆಯೂ ಕಂಡಿಲ್ಲ. ಅವುಗಳಿಗೆ ಬೂದು ಭೂತ ಎಂಬ ಅಡ್ಡಹೆಸರೇ ಇದೆ. ಆದರೆ ಅವು ಎಲ್ಲಿ, ಯಾವಾಗ, ಏನು ತಿಂದು ಬದುಕುತ್ತವೆ ಎಂಬುದನ್ನು ಸಂಶೋಧಕರು ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ, ಹಿಮದ ಮೇಲಿನ ಹೆಜ್ಜೆ ಹಿಡಿದು, ಹಿಕ್ಕೆ ಪರೀಕ್ಷಿಸಿ ದಶಕಗಳಿಂದ ತಿಳಿದುಕೊಂಡಿದ್ದಾರೆ. ಅವುಗಳ ವರ್ಷದ ದಿನಚರಿ ಮಕ್ಕಳಿಗೆ ಕಥೆಯ ಹಾಗೆ ಹೇಳಬಹುದಾದಷ್ಟು ಚೆನ್ನಾಗಿದೆ.

ಸಾಮಾನ್ಯವಾಗಿ ಬೆಟ್ಟದ ಪ್ರಾಣಿಗಳು ಬೇಸಿಗೆಯಲ್ಲಿ ಮೇಲೆ ಹೋಗುತ್ತವೆ, ಚಳಿಗಾಲದಲ್ಲಿ ಕೆಳಗೆ ಇಳಿಯುತ್ತವೆ. ಆಳವಾದ ಹಿಮದ ನಾಡಿನ ಕ್ಯಾರಿಬೂ ವರ್ಷಕ್ಕೆ ಎರಡು ಸಲ ಹತ್ತಿ ಎರಡು ಸಲ ಇಳಿಯುತ್ತದೆ. ನವೆಂಬರ್ ಹೊತ್ತಿಗೆ ಮೇಲೆ ಮೊದಲ ಹಿಮ ಬೀಳುತ್ತದೆ. ಅದು ಹತ್ತಿಯ ಹಾಗೆ ಮೆತ್ತಗೆ, ಕಾಲಿಟ್ಟರೆ ಹೂತುಹೋಗುತ್ತದೆ. ಆಗ ಅವು ಕೆಳಗಿನ ಹಳೆಯ ಸೀಡರ್, ಹೆಮ್ಲಾಕ್ ಕಾಡಿಗೆ ಬರುತ್ತವೆ. ದೊಡ್ಡ ಮರಗಳ ಚಪ್ಪರ ಹಿಮವನ್ನು ಮೇಲೆಯೇ ಹಿಡಿದುಕೊಳ್ಳುವುದರಿಂದ ನೆಲದಲ್ಲಿ ಹಿಮ ಕಡಿಮೆ. ಗಾಳಿಗೆ ಬಿದ್ದ ಮರಗಳ ಮೇಲೆ, ಮುರಿದ ಕೊಂಬೆಗಳ ಮೇಲೆ ಕಲ್ಲುಹೂವು ಸಿಗುತ್ತದೆ. ಎಲೆ ಉದುರದ ಕುರುಚಲು ಗಿಡಗಳೂ ಇನ್ನೂ ಹಿಮದಡಿ ಮುಚ್ಚಿಹೋಗಿರುವುದಿಲ್ಲ.

ಜನವರಿ ಹೊತ್ತಿಗೆ ಮೇಲಿನ ಹಿಮ ಒತ್ತಿ ಗಟ್ಟಿಯಾಗುತ್ತದೆ. ಆಗ ಉಳಿದ ಪ್ರಾಣಿಗಳೆಲ್ಲ ಕಣಿವೆಯಲ್ಲಿ ಬೆಚ್ಚಗಿರುವಾಗ ಕ್ಯಾರಿಬೂ ಮತ್ತೆ ಬೆಟ್ಟ ಹತ್ತುತ್ತದೆ. ಅದರ ಗೊರಸು ಅಗಲವಾಗಿ ಬಿರಿದುಕೊಂಡು ಸ್ನೋಶೂ ಹಾಗೆ ಕೆಲಸ ಮಾಡುತ್ತದೆ. ಮೇಲೆ ಫರ್ ಮರಗಳ ಕಾಡಿನಲ್ಲಿ ಎರಡು, ಮೂರು ಮೀಟರು, ಕೆಲವು ಕಡೆ ಇನ್ನೂ ಹೆಚ್ಚು ಹಿಮ. ಅಷ್ಟು ಹಿಮವನ್ನು ಕೆದಕಿ ನೆಲ ಮುಟ್ಟಲು ಸಾಧ್ಯವೇ ಇಲ್ಲ. ಹೆಸರಿನಲ್ಲಿ ಕೆದಕುವವನಾದರೂ ಇಲ್ಲಿ ಅದು ಕೆದಕುವುದಿಲ್ಲ. ಹಿಮದ ಮೇಲೆಯೇ ನಿಂತು ಕತ್ತೆತ್ತಿ ಕೊಂಬೆಯ ಕಲ್ಲುಹೂವನ್ನು ತಿನ್ನುತ್ತದೆ. ಹಿಮ ಹೆಚ್ಚು ಬಿದ್ದಷ್ಟೂ ಅದರ ಮೆಟ್ಟಿಲು ಎತ್ತರವಾಗುತ್ತದೆ!

ಇನ್ನೊಂದು ಸೋಜಿಗ ಕೇಳಿ. ತಿಂಗಳುಗಟ್ಟಲೆ ಹಿಮದಲ್ಲಿ ಹೂತರೆ ಕೂದಲಿನಂಥ ಕಲ್ಲುಹೂವು ಬದುಕುವುದಿಲ್ಲ. ಹಾಗಾಗಿ ಬೇಸಿಗೆಯಲ್ಲಿ ಎತ್ತರದ ಕಾಡಿಗೆ ಹೋದರೆ ಮರದ ಬುಡ ಬೋಳಾಗಿರುತ್ತದೆ. ನಮ್ಮ ತಲೆಗಿಂತ ಮೇಲೆ ಒಂದು ಮಟ್ಟದಿಂದ ಕಪ್ಪು ಕೂದಲು ಶುರುವಾಗುತ್ತದೆ. ಎಲ್ಲಾ ಮರಕ್ಕೂ ಹೆಚ್ಚುಕಡಿಮೆ ಒಂದೇ ಮಟ್ಟ. ಚಳಿಗಾಲದ ಹಿಮ ಎಷ್ಟೆತ್ತರ ನಿಂತಿತ್ತು ಎಂದು ಮರಗಳೇ ಗೆರೆ ಎಳೆದು ತೋರಿಸಿದ ಹಾಗೆ. ಮಕ್ಕಳನ್ನು ಕರೆದುಕೊಂಡು ಹೋದಾಗ ಈ ಗೆರೆಯನ್ನು ಹುಡುಕಲು ಹೇಳಿ. ಪ್ರಾಣಿ ಕಾಣದಿದ್ದರೂ ಅದು ಊಟಕ್ಕೆ ನಿಲ್ಲುವ ಎತ್ತರ ಕಾಣುತ್ತದೆ.

ವಸಂತದಲ್ಲಿ ಅವು ಹೊಸ ಹಸಿರಿಗಾಗಿ ಮತ್ತೆ ಇಳಿಯುತ್ತವೆ. ಕಲ್ಲುಹೂವು ಹೊಟ್ಟೆ ತುಂಬಿಸುತ್ತದೆ, ಶಕ್ತಿ ಕೊಡುತ್ತದೆ, ಆದರೆ ಅದರಲ್ಲಿ ಪ್ರೋಟೀನ್ ತೀರಾ ಕಡಿಮೆ. ಅನ್ನ-ತಿಳಿಸಾರಿನಲ್ಲೇ ಆರು ತಿಂಗಳು ಕಳೆದ ಹಾಗೆ. ಅದರಲ್ಲೂ ಗಬ್ಬದ ಹೆಣ್ಣುಗಳು ಮರಿ ಹಾಕುವ ಹೊತ್ತಿಗೆ ಆ ಹಸಿರನ್ನೂ ಬಿಟ್ಟು, ಇನ್ನೂ ಹಿಮವಿರುವ ಬೆಟ್ಟದ ನೆತ್ತಿಗೆ ಒಂಟಿಯಾಗಿ ಹೋಗುತ್ತವೆ. ಅಲ್ಲಿ ಮೇವಿಲ್ಲ. ಆದರೆ ತೋಳವೂ ಕರಡಿಯೂ ಅಲ್ಲಿಗೆ ಬರುವುದು ಕಡಿಮೆ. ಹಾಕುವುದು ಒಂದೇ ಮರಿ. ಮೂಸ್‌ನ ಹಾಗೆ ಅವಳಿ ಮರಿ ಇದರ ಹಣೆಯಲ್ಲಿ ಬರೆದಿಲ್ಲ. ಬಾಣಂತನದ ಕಥೆ ಕೇಳಿ ಅತ್ತೆ, "ಪಾಪ, ಹಸ್ಕೊಂಡಾದ್ರೂ ಕೂಸು ಉಳಿಸ್ಕಳ್ಳತ್ತೆ" ಎಂದು ನಿಟ್ಟುಸಿರು ಬಿಟ್ಟರು.

ಇಷ್ಟೆಲ್ಲ ಹತ್ತಿ ಇಳಿಯುವುದರ ಗುಟ್ಟು ಒಂದೇ, ಬೇರೆಯವರು ಬರದ ಕಡೆ ಇರುವುದು. ಮೂಸ್ ಮತ್ತು ಜಿಂಕೆಗಳಿಗೆ ಬೇಕಾದದ್ದು ಎಳೆಯ ಪೊದೆ, ಚಿಗುರು. ತೋಳಗಳು ಅವುಗಳ ಹಿಂದೆ ಇರುತ್ತವೆ. ಹಳೆಯ ಕಾಡಿನಲ್ಲಿ ನೆರಳು ಜಾಸ್ತಿ, ಪೊದೆ ಕಡಿಮೆ, ಹಿಮ ಆಳ. ಯಾರಿಗೂ ಬೇಡದ ಜಾಗದಲ್ಲಿ, ಯಾರಿಗೂ ಬೇಡದ ಊಟ ಮಾಡಿಕೊಂಡು ಕ್ಯಾರಿಬೂ ಸಾವಿರಾರು ವರ್ಷ ತನ್ನ ಪಾಡಿಗೆ ತಾನು ಬದುಕಿತು.

ಹಳೆಯ ಕಾಡನ್ನು ಒಂದು ತುಂಡು ಪೂರ್ತಿ ಕಡಿದಾಗ ಏನಾಗುತ್ತದೆ ನೋಡಿ. ಮೊದಲು ಕಲ್ಲುಹೂವು ಹೋಗುತ್ತದೆ. ಕಂಪನಿಗಳು ಕಾನೂನಿನಂತೆ ಮತ್ತೆ ಸಸಿ ನೆಡುತ್ತವೆ, ಇಪ್ಪತ್ತು ವರ್ಷದಲ್ಲಿ ಜಾಗ ಹಸಿರಾಗಿ ಕಾಣುತ್ತದೆ. ಆದರೆ ಎಳೆ ಮರದಲ್ಲಿ ಕ್ಯಾರಿಬೂ ಹೊಟ್ಟೆ ತುಂಬುವಷ್ಟು ಕಲ್ಲುಹೂವು ಇರುವುದಿಲ್ಲ. ಅದಕ್ಕೆ ನೂರು ವರ್ಷದ ಆಸುಪಾಸು ಬೇಕು. ಎರಡನೆಯದಾಗಿ, ಬಿಸಿಲು ಬಿದ್ದ ಕಡೆ ಪೊದೆ ಎದ್ದು ಮೂಸ್ ಬರುತ್ತದೆ, ಜಿಂಕೆ ಬರುತ್ತದೆ, ಅವುಗಳ ಬೆನ್ನಿಗೆ ತೋಳ ಬರುತ್ತದೆ. ಮೂಸ್ ತಿಂದು ಹೆಚ್ಚಿದ ತೋಳಕ್ಕೆ ದಾರಿಯಲ್ಲಿ ಸಿಕ್ಕ ಕ್ಯಾರಿಬೂ ಸುಲಭದ ತುತ್ತು. ಮೂರನೆಯದಾಗಿ, ಲಾರಿಗಾಗಿ ಮಾಡಿದ ರಸ್ತೆ, ಸ್ನೋಮೊಬೈಲ್ ಓಡಾಡಿ ಗಟ್ಟಿಯಾದ ಹಿಮದ ಹಾದಿ ತೋಳಕ್ಕೂ ಹೆದ್ದಾರಿಯೇ.

ಮರ ಕಡಿಯುವುದೊಂದೇ ಕಾರಣ ಎಂದು ಹೇಳಿದರೆ ಅದು ಅನ್ಯಾಯವಾಗುತ್ತದೆ. ದೊಡ್ಡ ಅಣೆಕಟ್ಟುಗಳ ನೀರು ಹಳೆಯ ದಾರಿಗಳನ್ನು ಮುಳುಗಿಸಿದೆ. ಗ್ಯಾಸು, ತೈಲ ಹುಡುಕಲು ಕಾಡಿನಲ್ಲಿ ನೇರ ಗೆರೆಗಳನ್ನು ಕೊಯ್ದಿದ್ದಾರೆ. ಪೈನ್ ಮರಗಳಿಗೆ ಬಿದ್ದ ಹುಳು, ಕಾಡ್ಗಿಚ್ಚು, ಬದಲಾಗುತ್ತಿರುವ ಚಳಿಗಾಲ ಎಲ್ಲವೂ ಸೇರಿವೆ. ಆದರೂ ಹಳೆಯ ಕಾಡು ತುಂಡುತುಂಡಾದದ್ದು ಈ ಕಥೆಯ ಬುಡದಲ್ಲಿದೆ ಎಂಬ ಬಗ್ಗೆ ಬಲ್ಲವರಲ್ಲಿ ಹೆಚ್ಚು ಭಿನ್ನಾಭಿಪ್ರಾಯವಿಲ್ಲ.

ಈಗ ಮಗಳ ಪ್ರಶ್ನೆಗೆ ಬರೋಣ. ಅಕ್ಟೋಬರಿನಲ್ಲಿ ಶಾಲೆಯಲ್ಲಿ ಬಿ.ಸಿ.ಯ ಪ್ರಾಣಿಗಳ ಪ್ರಾಜೆಕ್ಟ್ ಕೊಟ್ಟರು. ಅವಳು ಕ್ಯಾರಿಬೂ ಆರಿಸಿಕೊಂಡಳು. ಲೈಬ್ರರಿಯಿಂದ ಪುಸ್ತಕ ತಂದು ಓದಿದಳು, ಚಾರ್ಟಿನ ಮೇಲೆ ಚಿತ್ರ ಬರೆದಳು. ಆ ರಾತ್ರಿ ಊಟಕ್ಕೆ ಕುಳಿತಾಗ ಅಪ್ಪನನ್ನು ನೇರವಾಗಿ ಕೇಳಿದಳು. "ಅಪ್ಪಾ, ನಿಮ್ಮ ಮಿಲ್ಲಲ್ಲಿ ಕೊಯ್ಯೋದು ಕ್ಯಾರಿಬೂ ಊಟದ ಮರಾನಾ?"

ತಟ್ಟೆಯ ಸದ್ದೂ ನಿಂತಿತು. ಇವರು ತಕ್ಷಣ ಇಲ್ಲ ಎನ್ನಬಹುದಿತ್ತು, ಮಗು ನಂಬುತ್ತಿತ್ತು. ಇವರು ಹಾಗೆ ಮಾಡಲಿಲ್ಲ. "ನಮ್ಮಲ್ಲಿಗೆ ಬರೋ ನಾಟಾದಲ್ಲಿ ಎಲ್ಲಾ ಥರದ್ದೂ ಇರತ್ತೆ ಪುಟ್ಟಿ. ಕೆಲವು ಸುಟ್ಟ ಕಾಡಿಂದು, ಕೆಲವು ಹುಳ ಬಿದ್ದಿದ್ದು, ಕೆಲವು ಹಳೇ ಕಾಡಿಂದು. ಹಳೇ ಸ್ಪ್ರೂಸು, ಫರ್ರು ಬಂದಾಗ ತೊಗಟೆ ಮೇಲೆ ನಿನ್ನ ಕಲ್ಲುಹೂವು ನಾನೂ ನೋಡಿದೀನಿ" ಎಂದರು.

"ಅಂದ್ರೆ ಹೌದಾ?"

"ಸ್ವಲ್ಪ ಹೌದು."

ಹದಿನಾಲ್ಕು ವರ್ಷದ ಮಗ ಮಧ್ಯೆ ಬಾಯಿಹಾಕಿದ. "ನಾವಿರೋ ಮನೇನೂ ಮರದ್ದೇ. ನಿನ್ನ ಮಂಚಾನೂ ಮರದ್ದೇ. ನೆಲದ ಮೇಲೆ ಮಲಗ್ತೀಯಾ?" ಅವನ ಸಿಟ್ಟಿಗೂ ಕಾರಣವಿತ್ತು. ಅವನ ಗೆಳೆಯನ ಮನೆಯವರು ಚಳಿಗಾಲದಲ್ಲಿ ಸ್ನೋಮೊಬೈಲ್ ತೆಗೆದುಕೊಂಡು ಹೋಗುವ ಬೆಟ್ಟವೊಂದರ ಕಡೆ ಕ್ಯಾರಿಬೂಗಾಗಿ ಓಡಾಟ ಬಂದ್ ಮಾಡಿದ್ದಾರೆ. ಅದಕ್ಕಿಂತ ದೊಡ್ಡದು, ಅಪ್ಪನ ಮಿಲ್ಲಿನಲ್ಲಿ ಪಾಳಿ ಕಡಿಮೆಯಾಗುವ ಸುದ್ದಿ ಅವನ ಕಿವಿಗೂ ಬಿದ್ದಿತ್ತು. ನಮ್ಮ ಭಾಗದಲ್ಲಿ ನಾಟಾ ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗಿ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿವೆ. 2021ರಲ್ಲಿ ಪ್ರಾಂತ್ಯದ ಸರ್ಕಾರ ಇಪ್ಪತ್ತಾರು ಲಕ್ಷ ಹೆಕ್ಟೇರ್ ಹಳೆಯ ಕಾಡಿನಲ್ಲಿ ಕಡಿತವನ್ನು ಸದ್ಯಕ್ಕೆ ತಡೆಹಿಡಿಯುವ ಪ್ರಸ್ತಾಪ ಮುಂದಿಟ್ಟಾಗ ಊರಿನ ಕಾಫಿ ಅಂಗಡಿಗಳಲ್ಲಿ ಬೇರೆ ಮಾತೇ ಇರಲಿಲ್ಲ. ಇಲ್ಲಿ ಕ್ಯಾರಿಬೂ ಎಂದರೆ ಕೆಲವರಿಗೆ ಕರುಣೆ, ಕೆಲವರಿಗೆ ತಮ್ಮ ಕೆಲಸ ಕಿತ್ತುಕೊಂಡ ಪ್ರಾಣಿ. ನಮ್ಮ ಮನೆಯಲ್ಲಿ ಎರಡೂ ಒಂದೇ ಮೇಜಿನ ಸುತ್ತ ಕುಳಿತಿದ್ದವು.

ಅತ್ತೆ ಅಷ್ಟು ಹೊತ್ತು ಸುಮ್ಮನಿದ್ದವರು ತಮ್ಮೂರಿನ ಸೊಪ್ಪಿನಬೆಟ್ಟದ ಮಾತು ತೆಗೆದರು. ಅಡಿಕೆ ತೋಟವಿರುವ ಮಲೆನಾಡಿನವರಿಗೆ ಇದು ಗೊತ್ತು. ತೋಟಕ್ಕೆ ಹಾಸಲು, ಕೊಟ್ಟಿಗೆಗೆ ಹಾಕಲು ಸೊಪ್ಪು ತರುವ ಹಕ್ಕು ಇರುವ ಕಾಡಿನ ತುಂಡು ಅದು. "ಸೊಪ್ಪು ಕೊಯ್ಬೋದು, ಹೆರೆ ಕಡೀಬೋದು, ಮರದ ಬುಡಕ್ಕೆ ಕೊಡ್ಲಿ ಹಾಕೋ ಹಾಗಿಲ್ಲ. ನಮ್ ಕಾಲದಲ್ಲೂ ಕಾಡು ತಿಂದೇ ಬದುಕಿದ್ದು ಮಾರಾಯ. ಆದ್ರೆ ಮೊಮ್ಮಕ್ಕಳಿಗೆ ಸೊಪ್ಪು ಬೇಕಲ್ಲ ಅಂತ ಲೆಕ್ಕ ಇಟ್ಕೊಂಡೇ ಕೊಯ್ತಿದ್ರು. ಲೆಕ್ಕ ಬಿಟ್ಟೋರ ಬೆಟ್ಟ ಬೋಳಾಯ್ತು" ಎಂದರು. ಅವರು ಯಾರ ಪರವೂ ವಹಿಸಲಿಲ್ಲ. ಆದರೆ ಲೆಕ್ಕ ಎಂಬ ಮಾತು ಮಗಳ ತಲೆಯಲ್ಲಿ ಕುಳಿತಿತು.

ಮರುದಿನ ಅವಳು ಚಾರ್ಟಿನ ಹಿಂಬದಿಯಲ್ಲಿ ಲೆಕ್ಕ ಹಾಕಿದ್ದಳು. ತಾನು ಹುಟ್ಟಿದ 2016ರಲ್ಲಿ ನೆಟ್ಟ ಸಸಿಯಲ್ಲಿ ಕಲ್ಲುಹೂವು ತುಂಬುವುದು 2116ಕ್ಕೆ. "ಆಗ ನಂಗೆ ನೂರು ವರ್ಷ. ನಾನು ಇರಲ್ಲ ಅಲ್ವಾ ಅಮ್ಮಾ? ಹಾಗಾದ್ರೆ ಈಗಿರೋ ಹಳೇ ಮರ ಬಿಟ್ರೆ ಅದಕ್ಕೆ ಬೇರೆ ಊಟಾನೇ ಇಲ್ಲ" ಎಂದಳು. ಒಂದು ಮರಕ್ಕೆ ಹತ್ತು ಸಸಿ ನೆಟ್ಟರೂ ಸಮವಾಗುವುದಿಲ್ಲ ಎಂಬುದನ್ನು ನಾನು ಎಷ್ಟೋ ಲೇಖನಗಳಲ್ಲಿ ಓದಿದ್ದೆ. ಕೂಡುವ ಲೆಕ್ಕವಾಗಿ ಅದನ್ನು ತೋರಿಸಿದ್ದು ಇವಳೇ. ನಾಟಾಕ್ಕೆ ಬೇಕಾದದ್ದು ಮರ. ಕ್ಯಾರಿಬೂಗೆ ಬೇಕಾದದ್ದು ಮರದ ವಯಸ್ಸು. ಮರವನ್ನು ನೆಡಬಹುದು, ವಯಸ್ಸನ್ನು ನೆಡಲು ಬರುವುದಿಲ್ಲ.

ಇಲ್ಲಿ ತಾಯ್ತಂದೆಯರಾದ ನಮಗೆಲ್ಲ ಒಂದು ಕಷ್ಟದ ಪ್ರಶ್ನೆ ಏಳುತ್ತದೆ. ಇಂಥ ಸತ್ಯವನ್ನು ಮಕ್ಕಳಿಗೆ ಎಷ್ಟು ಹೇಳಬೇಕು? ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದಲ್ಲಿ ಕೊನೆಗೆ ಉಳಿದಿದ್ದ ಐದು ಕ್ಯಾರಿಬೂಗಳು 2009ರ ಹಿಮಕುಸಿತದಲ್ಲಿ ಸತ್ತವು, ಈಗ ಅಲ್ಲಿ ಒಂದೂ ಇಲ್ಲ. ಜಾಸ್ಪರಿನ ಮಲೀನ್ ಹಿಂಡು ಅಳಿಯಿತು. ಅಮೆರಿಕದ ಗಡಿ ದಾಟಿ ಓಡಾಡುತ್ತಿದ್ದ ಸೌತ್ ಸೆಲ್ಕರ್ಕ್ ಹಿಂಡಿನ ಕೊನೆಯ ಹೆಣ್ಣನ್ನು 2019ರ ಜನವರಿಯಲ್ಲಿ ಹಿಡಿದು ಬೇರೆ ಕಡೆಗೆ ಸಾಗಿಸಿದರು. ಅಲ್ಲಿಗೆ ಅಲಾಸ್ಕಾ ಬಿಟ್ಟು ಉಳಿದ ಅಮೆರಿಕದ ನೆಲದಲ್ಲಿ ಕಾಡು ಕ್ಯಾರಿಬೂ ಇಲ್ಲವಾಯಿತು. ಉಳಿದ ಹಿಂಡುಗಳನ್ನು ಕಾಯಲು ಸರ್ಕಾರ 2015ರಿಂದ ಹೆಲಿಕಾಪ್ಟರಿನಿಂದ ತೋಳಗಳನ್ನು ಕೊಲ್ಲಿಸುತ್ತಿದೆ. ಹಾಗೆ ಮಾಡಿದ ಕಡೆ ಕೆಲವು ಹಿಂಡುಗಳು ಚೇತರಿಸಿಕೊಂಡಿದ್ದೂ ನಿಜ, ಕಾಡು ಕಡಿದ ತಪ್ಪಿಗೆ ತೋಳಕ್ಕೆ ಶಿಕ್ಷೆಯೇ ಎಂದು ಜನ ಕೇಳುವುದೂ ನಿಜ. ಒಂಬತ್ತರ ಮಗುವಿಗೆ ಇದನ್ನೆಲ್ಲ ಒಂದೇ ಸಲ ಸುರಿಯಲು ನನಗೆ ಮನಸ್ಸಾಗಲಿಲ್ಲ. ಸುಳ್ಳು ಹೇಳಲೂ ಮನಸ್ಸಾಗಲಿಲ್ಲ. ಕೇಳಿದಷ್ಟಕ್ಕೆ ನಿಜ ಹೇಳುವುದು, ಕೇಳದ್ದನ್ನು ಕಾಯಲು ಬಿಡುವುದು, ಜೊತೆಗೆ ಯಾರಾದರೂ ಏನಾದರೂ ಮಾಡುತ್ತಿದ್ದರೆ ಅದನ್ನು ತಪ್ಪದೆ ಹೇಳುವುದು ಎಂದು ನಾವಿಬ್ಬರೂ ಮಾತಾಡಿಕೊಂಡೆವು.

ಹಾಗೆ ಹೇಳಲು ಒಂದು ಒಳ್ಳೆಯ ಕಥೆ ನಮ್ಮ ಊರಿನ ಉತ್ತರಕ್ಕೇ ಇದೆ. ಅಲ್ಲಿನ ಕ್ಲಿನ್ಸೆ-ಝಾ ಹಿಂಡು 2013ರಲ್ಲಿ 38ಕ್ಕೆ ಇಳಿದಿತ್ತು. ವೆಸ್ಟ್ ಮೋಬರ್ಲಿ ಮತ್ತು ಸೋಟೋ ಎಂಬ ಎರಡು ಮೂಲನಿವಾಸಿ ಸಮುದಾಯಗಳು ಸೇರಿ 2014ರಿಂದ ಬಾಣಂತಿ ಕೊಟ್ಟಿಗೆ ಎನ್ನಬಹುದಾದ ಒಂದು ವ್ಯವಸ್ಥೆ ಮಾಡಿದವು. ಗಬ್ಬದ ಹೆಣ್ಣುಗಳನ್ನು ಚಳಿಗಾಲದ ಕೊನೆಗೆ ಬೆಟ್ಟದ ಮೇಲೆ ಬೇಲಿ ಹಾಕಿದ ಜಾಗದಲ್ಲಿ ಇಟ್ಟು, ಮರಿ ಹುಟ್ಟಿ ಚೆನ್ನಾಗಿ ಓಡುವಷ್ಟಾದ ಮೇಲೆ ಬಿಡುವುದು. ಕಾವಲಿಗೆ ಸಮುದಾಯದವರೇ ಇರುತ್ತಾರೆ. ತಿನ್ನಲು ಏನು ಕೊಡುತ್ತಾರೆ ಎಂದು ಮಗಳು ಕೇಳಿದಳು. ಊರಿನವರು ಹೋಗಿ ಕಲ್ಲುಹೂವನ್ನು ಕೈಯಾರೆ ಬಿಡಿಸಿ, ಚೀಲಗಟ್ಟಲೆ ತಂದು ಹಾಕುತ್ತಾರೆ. ಜೊತೆಗೆ ತೋಳಗಳ ಸಂಖ್ಯೆಯನ್ನೂ ಇಳಿಸಿದರು. 2020ರಲ್ಲಿ ಎರಡೂ ಸಮುದಾಯಗಳು ಸರ್ಕಾರಗಳೊಂದಿಗೆ ಒಪ್ಪಂದ ಮಾಡಿಕೊಂಡು ದೊಡ್ಡ ಪ್ರದೇಶವೊಂದರ ರಕ್ಷಣೆಗೆ ದಾರಿ ಮಾಡಿದವು. ಹತ್ತು ವರ್ಷದೊಳಗೆ ಹಿಂಡು ನೂರು ದಾಟಿತು. ಅವರು ತಮ್ಮ ಕಡೆಯಿಂದ ಕ್ಯಾರಿಬೂ ಬೇಟೆಯನ್ನು ಎಷ್ಟೋ ದಶಕಗಳ ಹಿಂದೆಯೇ ನಿಲ್ಲಿಸಿದ್ದವರು. ನಮ್ಮತ್ತೆಗೆ ಈ ಕಥೆಯಲ್ಲಿ ಹಿಡಿಸಿದ್ದು ಬಾಣಂತಿಗೆ ಊರವರೇ ಊಟ ಹೊತ್ತು ತರುವುದು. "ತವರು ಅಂದ್ರೆ ಅದೇ" ಎಂದರು.

ಜಾಸ್ಪರಿನಲ್ಲೂ ಸಂತಾನವೃದ್ಧಿ ಕೇಂದ್ರವೊಂದನ್ನು ಕಟ್ಟಿದ್ದಾರೆ. ಅಲ್ಲಿ ಹುಟ್ಟಿದ ಮರಿಗಳನ್ನು ಕುಗ್ಗಿದ ಹಿಂಡುಗಳಿಗೆ ಸೇರಿಸುವ ಯೋಜನೆ. ಇವೆಲ್ಲ ಬೇಕು. ಆದರೆ ಬೇಲಿಯೊಳಗೆ ಹುಟ್ಟಿದ ಮರಿ ಹೊರಗೆ ಹೋಗಿ ಕತ್ತೆತ್ತಿದಾಗ ಕೊಂಬೆಯಲ್ಲಿ ಊಟವಿರಬೇಕು. ಅದಿಲ್ಲದಿದ್ದರೆ ಪ್ರತಿ ವರ್ಷವೂ ಬೇಲಿ ಹಾಕಬೇಕು, ಪ್ರತಿ ವರ್ಷವೂ ತೋಳ ಕೊಲ್ಲಬೇಕು.

ಈ ಪ್ರಾಂತ್ಯಗಳಲ್ಲಿರುವ ಅಥವಾ ರಜೆಗೆ ಬ್ಯಾನ್ಫ್, ಜಾಸ್ಪರ್ ಎಂದು ಬರುವ ಕನ್ನಡ ಕುಟುಂಬಗಳಿಗೆ ಕೆಲವು ಮಾತು. ಚಳಿಗಾಲದಲ್ಲಿ ಕ್ಯಾರಿಬೂಗಾಗಿ ಮುಚ್ಚಿದ ಜಾಗ ಎಂಬ ಫಲಕ ಕಂಡರೆ ಅಲ್ಲಿಂದಲೇ ತಿರುಗಿ. ಒಂದು ಸ್ಕೀ ಹಾದಿ ಸಾಕು, ತೋಳಕ್ಕೆ ದಾರಿಯಾಗುತ್ತದೆ. ನಾಯಿಯಿದ್ದರೆ ಹಗ್ಗ ಬಿಡಬೇಡಿ. ಬೆಟ್ಟದ ರಸ್ತೆಗಳಲ್ಲಿ ಕ್ಯಾರಿಬೂ ಚಿತ್ರದ ಬೋರ್ಡು ಕಂಡ ಕಡೆ ವೇಗ ಇಳಿಸಿ, ಅವು ರಸ್ತೆಗೆ ಹಾಕಿದ ಉಪ್ಪು ನೆಕ್ಕಲು ಬರುತ್ತವೆ. ಮಕ್ಕಳಿಗೆ ಒಂದು ಭೂತಗನ್ನಡಿ ಕೊಟ್ಟು ಕಲ್ಲುಹೂವು ತೋರಿಸಿ, ಆದರೆ ಪಾರ್ಕಿನಲ್ಲಿ ಏನನ್ನೂ ಕೀಳಲು ಬಿಡಬೇಡಿ, ಬಾಯಿಗಂತೂ ಹಾಕಲು ಬಿಡಲೇಬೇಡಿ. ಒಳನಾಡಿನ ಮೂಲನಿವಾಸಿಗಳು ಕಪ್ಪು ಕೂದಲಿನಂಥ ಒಂದು ಲೈಕೆನನ್ನು ನೆಲದ ಗುಂಡಿಯಲ್ಲಿ ಗಂಟೆಗಟ್ಟಲೆ ಬೇಯಿಸಿ ತಿನ್ನುತ್ತಿದ್ದರು, ಆದರೆ ವಿಷವಿರುವ ಹಳದಿ ಲೈಕೆನ್ ಕೂಡ ಇದೇ ನಾಡಿನಲ್ಲಿದೆ. ನಮ್ಮ ಮಸಾಲೆಗೆ ಅಂಗಡಿಯ ಕಲ್ಲುಹೂವೇ ಇರಲಿ.

ಮನೆ ಕಟ್ಟಿಸುವವರು, ಡೆಕ್ ಹಾಕಿಸುವವರು ಮರ ಎಲ್ಲಿಂದ ಬಂತು ಎಂದು ಕೇಳಿ. ಇದನ್ನು ಸಾಮಿಲ್‌ನವರ ಮನೆಯಿಂದಲೇ ಹೇಳುತ್ತಿದ್ದೇನೆ. ಹಾಗೆ ಕೇಳುವವರಿದ್ದರೆ ಎಳೆಯ ಕಾಡಿನ ಮರದಿಂದಲೇ ಕೆಲಸ ನಡೆಸುವ ಮಿಲ್ಲಿಗೆ ನಾಳೆ ಉಳಿಗಾಲವಿರುತ್ತದೆ ಎಂದು ಇವರು ನಂಬುತ್ತಾರೆ. ಅದಕ್ಕೆ ಯಂತ್ರ ಬದಲಾಗಬೇಕು, ಸಣ್ಣ ಮರಕ್ಕೆ ತಕ್ಕ ಗರಗಸ ಬರಬೇಕು, ಹಣ ಹೂಡುವವರು ಬೇಕು. ಸದ್ಯಕ್ಕೆ ಇವರ ಮಿಲ್ಲು ಒಂದು ಪಾಳಿ ನಿಲ್ಲಿಸಿದೆ. ಇವರ ಕೆಲಸ ಈವರೆಗೆ ಉಳಿದಿದೆ. ಆಲ್ಬರ್ಟಾದಲ್ಲಿ ಎರಡು ಕಡೆ ಅರ್ಜಿಯನ್ನೂ ಹಾಕಿದ್ದಾರೆ. ಅಣ್ಣನಿಗೆ ಊರು ಬಿಡಲು ಇಷ್ಟವಿಲ್ಲ. ತಂಗಿಗೆ ಹಳೆ ಮರ ಕಡಿಯಲು ಇಷ್ಟವಿಲ್ಲ. ಇಬ್ಬರ ಮಾತೂ ತಪ್ಪಲ್ಲ ಎಂಬುದೇ ನಮ್ಮ ಮನೆಯ ಈಗಿನ ಪರಿಸ್ಥಿತಿ.

ಅತ್ತೆ ಊರಿಗೆ ಹೋದ ಮೇಲೆ ಮೊಮ್ಮಗಳು ಭಾನುವಾರ ಫೋನಿನಲ್ಲಿ ವರದಿ ಒಪ್ಪಿಸುತ್ತಾಳೆ. ಈಗ ಜನವರಿ, ಕಿಟಕಿಯ ಹೊರಗೆ ಹಿಮ ಗಟ್ಟಿಯಾಗುತ್ತಿದೆ. "ಅಜ್ಜೀ, ಅವು ಈ ವಾರ ಬೆಟ್ಟ ಹತ್ತಕ್ಕೆ ಶುರು ಮಾಡಿರತ್ವೆ" ಎನ್ನುತ್ತಾಳೆ. ಕಂಡಿಲ್ಲದ ಪ್ರಾಣಿಯ ದಿನಚರಿ ಅವಳಿಗೆ ಬಾಯಿಪಾಠ. ಅಣ್ಣ ಪಕ್ಕದಲ್ಲಿ ಹೋಮ್‌ವರ್ಕ್ ಮಾಡುತ್ತಾ, ತಲೆಯೆತ್ತದೆ, "ಇನ್ನೂ ಸ್ವಲ್ಪ ಸ್ನೋ ಬೀಳಬೇಕು, ಅವಕ್ಕೆ ಕೊಂಬೆ ಎಟುಕಲ್ಲ" ಎಂದು ತಿದ್ದುತ್ತಾನೆ.